ಹ್ಯಾಂಡ್‌ಬ್ರೇಕ್ ಹಿಡಿಯದ ಬೇಸಿಗೆ

ಚೌಡಾಪುರದಲ್ಲಿ ನಮ್ಮ ಮನೆ ಯಾವುದೆಂದು ಯಾರಾದರೂ ಕೇಳಿದರೆ ಊರವರು ಅಪ್ಪನ ಹೆಸರು ಹೇಳುತ್ತಿರಲಿಲ್ಲ, "ಕಾರು ದಿನ್ನಿ ಏರಿ ನಿಂತಿರ್ತದಲ್ರಿ, ಅದೇ ಮನಿ" ಎನ್ನುತ್ತಿದ್ದರು. ರಸ್ತೆಗಿಂತ ಆಳೆತ್ತರ ಮೇಲೆ, ದಿನ್ನೆಯ ನೆತ್ತಿಯಲ್ಲಿತ್ತು ಮನೆ. ಕಲ್ಲಿನ ಗೋಡೆ, ಪರ್ಸಿಕಲ್ಲು ಹಾಸಿದ ಪಡಸಾಲೆ, ಹೊಗೆ ಹಿಡಿದ ಅಡುಗೆಮನೆ, ಹಿತ್ತಿಲಲ್ಲಿ ಬಚ್ಚಲಿಗೆ ಅಂಟಿಕೊಂಡ ಒಂದು ತಗಡಿನ ಚಪ್ಪರ. ಮುಂದಿನ ಮಣ್ಣಿನ ಅಂಗಳ ಹೊಸ್ತಿಲಿನಿಂದ ರಸ್ತೆಯವರೆಗೆ ಇಳಿಜಾರು. ಆ ಇಳಿಜಾರಿನಲ್ಲಿ, ಮೂತಿ ಮನೆಯ ಕಡೆಗೆ, ಬೆನ್ನು ರಸ್ತೆಯ ಕಡೆಗೆ ಮಾಡಿಕೊಂಡು ಅಪ್ಪನ ಬಿಳಿ ಕಾರು ನಿಲ್ಲುತ್ತಿತ್ತು. ಹಿಂದಿನ ಗಾಲಿಗೆ ಒಂದು ಕರಿಕಲ್ಲು ಅಡ್ಡ. ಮನೆಯಲ್ಲಿ ನಾವು ನಾಲ್ಕೇ ಮಂದಿ: ಅಪ್ಪ, ಅವ್ವ, ಅಪ್ಪನ ತಾಯಿಯಾದ ಆಯಿ, ಮತ್ತು ನಾನು. ಕಾರನ್ನೂ ಎಣಿಸಿದರೆ ಐದು ಎಂದು ಆಯಿ ಚೇಷ್ಟೆ ಮಾಡುತ್ತಿದ್ದಳು. ಅವಳ ಪ್ರಕಾರ ಐವರಲ್ಲಿ ಹೆಚ್ಚು ಆರೈಕೆ ಆಗುತ್ತಿದ್ದದ್ದು ಕಾರಿನದೇ.

ಗಾಣಗಾಪುರದ ದತ್ತನ ಗುಡಿಗೆ ಹೋಗುವವರು ಬಸ್ಸಿಳಿಯುತ್ತಿದ್ದದ್ದು ನಮ್ಮೂರಲ್ಲಿ. ಅವರಲ್ಲಿ ಹೆಚ್ಚಿನವರು ಮಹಾರಾಷ್ಟ್ರದ ಕಡೆಯವರು. ಅಪ್ಪ ಅವರನ್ನು ಗುಡಿಗೆ ಮುಟ್ಟಿಸಿ, ಸಂಗಮದಲ್ಲಿ ಅವರ ಸ್ನಾನ ಮುಗಿಯುವವರೆಗೆ ಕಾದು, ಮತ್ತೆ ಬಸ್ಸಿಗೆ ತಂದು ಬಿಡುತ್ತಿದ್ದ. ಅವ್ವ ಆಳಂದ ತಾಲೂಕಿನ ಹಿರೋಳ್ಳಿಯವಳು, ಗಡಿಯ ಊರಿನ ಹೆಣ್ಣು, ಅವಳಿಗೆ ಮರಾಠಿ ನೀರು ಕುಡಿದಷ್ಟು ಸಲೀಸು. ಅಪ್ಪನಿಗೆ ಮರಾಠಿ ಕಲಿಸಿದವಳೇ ಅವಳು. ಅಪ್ಪನದೊಂದು ನೇಮವಿತ್ತು. ದೇವರ ಮಂದಿ ಕೂಡುವ ಗಾಡಿ ಎಂದು ಅವನು ಚಪ್ಪಲಿಯನ್ನು ಹೊಸ್ತಿಲ ಬಳಿ ಬಿಟ್ಟು, ಬರಿಗಾಲಲ್ಲೇ ಓಡಿಸುತ್ತಿದ್ದ. ನಮ್ಮ ಕಡೆಯ ಬಿಸಿಲು ಗೊತ್ತಿದ್ದವರಿಗೆ ಇದರ ಅರ್ಥ ತಿಳಿಯುತ್ತದೆ. ಮೇ ತಿಂಗಳ ನಡುಮಧ್ಯಾಹ್ನ ಗುಡಿಯ ಮುಂದೆ ನಿಂತು ಕಾದ ಕಾರಿನ ಪೆಡಲ್ಲಿಗೂ ಒಲೆಯ ಮೇಲಿನ ಹಂಚಿಗೂ ಹೆಚ್ಚೇನೂ ಫರಕಿರುತ್ತಿರಲಿಲ್ಲ.

ಎರಡನೆಯ ನೇಮ ಅವ್ವನ ಪಾಲಿನದು. ದಿನಾ ಬೆಳಕು ಹರಿಯುವಾಗ ಅವಳು ಅಂಗಳ ಸಾರಿಸುತ್ತಿದ್ದಳು, ಕಾರಿನ ಕೆಳಗೂ ಬಿಡದೆ. "ಎತ್ತಿನ ಕೆಳಗ ಹಸನ ಇದ್ರೇ ಎತ್ತು ದುಡೀತದ" ಎಂದು ಅಪ್ಪ ಮದುವೆಯಾದ ಹೊಸದರಲ್ಲೇ ಹೇಳಿದ್ದನಂತೆ. ಅವ್ವ ಸೆರಗು ಬಿಗಿದುಕೊಂಡು, ಸಗಣಿ ನೀರಿನ ಬುಟ್ಟಿ ಮುಂದೆ ತಳ್ಳಿಕೊಳ್ಳುತ್ತ, ರಸ್ತೆಯ ಕಡೆಯಿಂದ ಕಾರಿನ ಕೆಳಗೆ ನುಗ್ಗುತ್ತಿದ್ದಳು. ಹೊರಗೆ ಅವಳ ಹಿಮ್ಮಡಿಗಳಷ್ಟೇ ಕಾಣುತ್ತಿದ್ದವು. ಇನ್ನು ಗಾಡಿ ಕೆಟ್ಟಾಗ ಅಪ್ಪ ಕೆಳಗೆ ಅಂಗಾತ ಮಲಗಿದರೆ ನಟ್ಟು ತಿರುಗಿಸುವ ಪಾನಾ, ಹಿಡಿಯುವ ಪಕ್ಕಡ್ ಎತ್ತಿ ಕೊಡುವವಳೂ ಅವಳೇ. "ಶಾಂತಾ, ಹದಿಮೂರರದು ಕೊಡು ಬೇ" ಎಂದರೆ ಹದಿಮೂರರ ಪಾನಾವೇ ಅವನ ಕೈಗೆ ಬರುತ್ತಿತ್ತು. ಇಷ್ಟು ವರ್ಷ ಕೊಟ್ಟವಳಿಗೆ ಅದರಿಂದ ಏನು ಮಾಡುತ್ತಾರೆಂಬುದೂ ತಿಳಿದಿರಬಹುದು ಎಂದು ಮನೆಯಲ್ಲಿ ಯಾರೂ ಯೋಚಿಸಲಿಲ್ಲ. ಹೆಂಗಸರ ಕಲಿಕೆಯನ್ನು ಲೆಕ್ಕಕ್ಕೆ ಹಿಡಿಯುವ ರೂಢಿ ಆಗ ಇರಲಿಲ್ಲ, ಈಗಲೂ ಅಷ್ಟಕ್ಕಷ್ಟೇ.

ಅಪ್ಪನಿಗೆ ಸಕ್ಕರೆ ಕಾಯಿಲೆ ಬಂದದ್ದು ನಮಗೆಲ್ಲ ಗೊತ್ತಿತ್ತು. ಅದು ಅಂಗಾಲಿನ ಅರಿವನ್ನೇ ತಿಂದುಹಾಕಿತ್ತೆಂಬುದು ಅವನಿಗೂ ಗೊತ್ತಿರಲಿಲ್ಲ. ಒಂದು ಬೇಸಿಗೆಯ ಸಂಜೆ ಅವನು ಪಡಸಾಲೆಯಲ್ಲಿ ಕಾಲು ಚಾಚಿ ಕೂತಾಗ ಆಯಿ ಅವನ ಬಲಗಾಲು ನೋಡಿ ಚಿಟ್ಟನೆ ಚೀರಿದಳು. ಅಂಗಾಲಿನ ತುಂಬ ಬೊಬ್ಬೆ ಎದ್ದು, ಒಡೆದು, ಚರ್ಮ ಸುಲಿದಿತ್ತು. ಸುಟ್ಟದ್ದು ಯಾವಾಗ ಎಂದರೆ ಅವನಿಗೆ ತಿಳಿಯದು. ಅಲ್ಲಿಂದ ಮುಂದೆ ಅರಿಸಿನ, ಎಣ್ಣೆ, ಯಾರೋ ಕೊಟ್ಟ ಮುಲಾಮು; ಆಮೇಲೆ ಅಫಜಲಪುರದ ಡಾಕ್ಟರು; ಕೊನೆಗೆ ಸೊಲ್ಲಾಪುರದ ದವಾಖಾನೆ. ಅಲ್ಲಿ ಅವನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ದೇವರಿಗೆಂದು ಚಪ್ಪಲಿ ಬಿಟ್ಟವನ ಕಾಲನ್ನೇ ದೇವರು ಇಟ್ಟುಕೊಂಡನಲ್ಲ ಎಂದು ನನಗೆ ದೇವರ ಮೇಲೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಆಗ ನಾನು ಏಳನೆಯ ಇಯತ್ತೆಯಲ್ಲಿದ್ದೆ.

ಕಂಕುಳಲ್ಲಿ ಕೋಲು ಇಟ್ಟುಕೊಂಡು ಮನೆಗೆ ಬಂದ ಅಪ್ಪ ಚಳಿಗಾಲ ಪೂರ್ತಿ ಪಡಸಾಲೆಯಲ್ಲಿ ಕೂತು ಕಾರನ್ನೇ ನೋಡುತ್ತಿದ್ದ. ಅದೂ ನಿಂತು ನಿಂತು ಧೂಳು ತಿನ್ನುತ್ತಿತ್ತು. ಬೇಸಿಗೆ ಕಾಲಿಟ್ಟ ಮೇಲೆ ಒಂದು ಮಧ್ಯಾಹ್ನ, ರೊಟ್ಟಿ, ಪುಂಡಿಪಲ್ಯದ ತಾಟು ಮುಂದಿರುವಾಗಲೇ, ತಾನು ಮತ್ತೆ ಗಾಡಿ ಓಡಿಸುವುದಾಗಿ ಹೇಳಿದ. ಅವ್ವನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು.

"ಕಾಲು ಹೋಗ್ಯದ, ನಾ ಹೋಗಿಲ್ಲ," ಎಂದ ಅಪ್ಪ. "ಎಡಗಾಲಿಗಿ ಕ್ಲಚ್ಚು, ಬ್ರೇಕು. ಎಕ್ಸಿಲೇಟರಿಗಿ ಎಣ್ಣಿ ಕೊಡಾಕ ಕೈಯಾಗ ಒಂದು ತಂತಿ. ಕ್ಲಚ್ಚೂ ಬ್ರೇಕೂ ಒಮ್ಮೆಲೆ ಬೇಕಾದಾಗ ಹ್ಯಾಂಡ್‌ಬ್ರೇಕ್. ಅದೊಂದು ಬರೋಬರ್ ಆಯ್ತಂದ್ರ ಮುಗೀತು."

"ಹೌದ್ರಿ, ಮುಗೀತು. ನಿಮ್ಮದೂ ಮುಗೀತು, ನಮ್ಮದೂ ಮುಗೀತು," ಎಂದಳು ಅವ್ವ. "ಹುಣ್ಣಿಮಿ ದಿನ ಗಾಣಗಾಪುರದ ದಾರ್ಯಾಗ ಮಂದಿ ಹ್ಯಾಂಗಿರ್ತದ ಮರತೀರೇನು? ಯಾರದರೆ ಕೂಸು ಅಡ್ಡ ಬಂತಂದ್ರ ಯಾವ ಕಾಲಿಲೆ ತುಳೀತೀರಿ?"

"ನಾ ಇಪ್ಪತ್ತು ವರ್ಷ ಓಡಿಸೀನಿ. ಒಂದು ನಾಯಿಗೂ ತಾಗಿಸಿಲ್ಲ."

"ಆಗ ನಿಮಗ ಎರಡು ಕಾಲಿದ್ದವು!"

ಇಷ್ಟು ನೇರವಾಗಿ ಅವ್ವ ಎಂದೂ ಮಾತಾಡಿದವಳಲ್ಲ. ಅಪ್ಪ ತಾಟು ಸರಿಸಿದ. ಅವ್ವ ಒಳಗೆ ಹೋಗಿ ಒಲೆಯ ಮುಂದೆ ಕೂತು ಬಿಕ್ಕಿದಳು. ಎರಡು ದಿನ ಮನೆಯಲ್ಲಿ ಪಾತ್ರೆಗಳಷ್ಟೇ ಸಪ್ಪಳ ಮಾಡಿದವು. ಮೂರನೆಯ ದಿನ ಆಯಿಗೆ ತಡೆಯಲಾಗಲಿಲ್ಲ. ಅವಳು ಗೋಡೆಗೊರಗಿ ಕೂತಲ್ಲಿಂದಲೇ ತೀರ್ಪು ಕೊಟ್ಟಳು.

"ಇಬ್ಬರೂ ಬಾಯಿ ಮುಚ್ರಿ, ನನ ಮಾತು ಕೇಳ್ರಿ. ದಿನಾ ಮುಂಜಾನೆ ಶಾಂತಾ ಒಲಿ ಮ್ಯಾಲ ಚಹಾ ಇಡ್ತಾಳಲ್ಲ, ಆಗ ಗಾಲಿ ಕಲ್ಲು ತೆಗೀರಿ. ಚಹಾ ಕುದಿಯೋತನಕ ಗಾಡಿ ಬರೇ ಹ್ಯಾಂಡ್‌ಬ್ರೇಕಿನ ಮ್ಯಾಲ ದಿನ್ನಿಗಿ ನಿಂತ್ರ, ಅವ ಹೋಗ್ಲಿ, ನೀ ತಡೀಬ್ಯಾಡ. ಜಾರಿತಂದ್ರ ಲೇ ಭೀಮ್ಯಾ, ನೀ ಹೋಗಬ್ಯಾಡ."

ಅಪ್ಪನಿಗೆ ಕುಣಿಯುವಷ್ಟು ಖುಷಿಯಾಯಿತು. ಇಳಿಜಾರಿನಲ್ಲಿ ಗಾಡಿ ನಿಲ್ಲಿಸುವುದು ಅವನಿಗೆ ಯಾವ ದೊಡ್ಡ ಮಾತು! ಮರುದಿನವೇ ರಸ್ತೆಯಾಚೆ ಗ್ಯಾರೇಜಿಟ್ಟಿದ್ದ ಗೆಳೆಯ ಖಾಜಾ ಕಾಕಾನನ್ನು ಕಲಬುರಗಿಗೆ ಓಡಿಸಿ ಹೊಸ ಕೇಬಲ್, ಹೊಸ ಬ್ರೇಕ್ ಶೂ ತರಿಸಿದ. "ಭೀಮಣ್ಣ, ನಾ ಹಾಕಿ ಕೊಡ್ತೀನಿ ಬಿಡು" ಎಂದು ಖಾಜಾ ಕಾಕಾ ಎಷ್ಟು ಹೇಳಿದರೂ ಕೇಳಲಿಲ್ಲ. ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಹಿಂದೆ ಜಾಕ್ ಏರಿಸಿ, ಅಪ್ಪ ಕುಂಡೆಯ ಮೇಲೆ ತೆವಳುತ್ತ ಗಾಡಿಯ ಸುತ್ತ ತಿರುಗಿದ. ಗಾಲಿ ಬಿಚ್ಚಿ, ಡ್ರಮ್ಮು ಕಳಚಿ, ಸವೆದ ಶೂ ತೆಗೆದು ಹೊಸದು ಕೂಡಿಸಿದ. ಹಳೆಯ ಕೇಬಲ್ ತುಕ್ಕು ಹಿಡಿದು ಹುರಿಹುರಿಯಾಗಿತ್ತು, ಅದನ್ನು ಎಳೆದು ಬಿಸಾಕಿ ಹೊಸದಕ್ಕೆ ಗ್ರೀಸ್ ಸವರಿ ಪೋಣಿಸಿದ. ಆಮೇಲೆ ಮನೆಯ ಕಡೆಯಿಂದ ಕಾರಿನ ಕೆಳಗೆ ಅಂಗಾತ ಜಾರಿದ. ಅಲ್ಲಿ ನಟ್ಟನಡುವೆ, ಹಿಂದಿನ ಕೇಬಲ್ಲಿನಿಂದ ಮುಂದಕ್ಕೆ, ಲಿವರಿನ ಕಡೆಗೆ ಚಾಚಿದ ಸರಳಿನ ತುದಿಗೆ ಒಂದು ನಟ್ಟು, ಅದು ಸಡಿಲಾಗದಂತೆ ಅದರ ಬೆನ್ನಿಗೆ ಇನ್ನೊಂದು ಚೆಕ್‌ನಟ್ಟು. ಬಿಗಿ ಮಾಡಿದಷ್ಟೂ ಕೇಬಲ್ ಎಳೆಯುತ್ತದೆ, ಬ್ರೇಕು ಬೇಗ ಹಿಡಿಯುತ್ತದೆ.

"ಶಾಂತಾ, ಲಿವರ್ ಎತ್ತು. ನಾಲ್ಕು ಸಲ ಕಟಕ್ ಅನ್ಬೇಕು, ಅಲ್ಲಿಗಿ ಬಿಡು. ಈಗ ಗಾಲಿ ತಿರುವು ನೋಡಮು."

"ತಿರುಗವಲ್ಲದ್ರಿ."

"ಲಿವರ್ ಇಳಿಸು. ಈಗ?"

"ತಿರಗಾಕತ್ತದ."

"ಹಾಂ! ಹಿಡದಾಗ ಹಿಡೀಬೇಕು, ಬಿಟ್ಟಾಗ ಬಿಡಬೇಕು. ಇಷ್ಟೇ ಬೇ ಬ್ರೇಕಂದ್ರ. ಗಂಡ ಹೆಂಡಿರ ಹಂಗ!"

ಅವನ ನಗೆ ಕಾರಿನ ಕೆಳಗಿನಿಂದ ಕೇಳಿಸಿತು. ತಿಂಗಳುಗಟ್ಟಲೆ ಕೇಳದ ನಗೆ ಅದು. ಎಣ್ಣೆ ಕೊಡುವುದಕ್ಕೆಂದು ಸ್ಟೀರಿಂಗಿನ ಬಳಿ ಸ್ಕೂಟರಿನದೊಂದು ಹಿಡಿಕೆ ಕೂಡಿಸಿದ್ದೂ ಆಯಿತು. ಆ ಸಂಜೆ ಕೈಗೆ ಅಂಟಿದ ಗ್ರೀಸು ತಿಕ್ಕಿ ತೊಳೆಯುವಾಗ ಅವನು ಬೆರಳ ತುದಿಗಳನ್ನು ಹೊಸೆಯುತ್ತ, "ಯಾಕೋ ಬೆರಳಿಗಿ ಜೋಮು ಹಿಡದಂಗ ಆಗ್ಯದ" ಎಂದ. ಸಕ್ಕರೆ ಕಾಯಿಲೆ ಕೈಗೂ ಇಳಿದಿತ್ತು, ಆದರೆ ಕೈ ಇನ್ನೂ ಸರಿಯಾಗೇ ಕೆಲಸ ಮಾಡುತ್ತಿತ್ತು. ಇದನ್ನು ನಾನು ಒತ್ತಿ ಹೇಳುತ್ತೇನೆ, ಮುಂದಿನದಕ್ಕೆ ಇದು ಬೇಕು.

ಮರುದಿನ ಮುಂಜಾನೆ ಅವ್ವ ಒಲೆಯ ಮೇಲೆ ಚಹಾ ಇಟ್ಟು ಹೊರಗೆ ಬಂದಳು. ಅಪ್ಪ ಸೀಟಿನಲ್ಲಿ ಕೂತು ಲಿವರ್ ಎಳೆದ. ಅವನ ಮುಖ ಅಲ್ಲೇ ಬದಲಾಯಿತು. ನಾಲ್ಕಕ್ಕೆ ಹಿಡಿಯಬೇಕಾದದ್ದು ಕಟಕಟ ಎನ್ನುತ್ತ ಪೂರ್ತಿ ಮೇಲೆ ಬಂದಿತ್ತು. ಆದರೂ "ತೆಗಿ ಕಲ್ಲು" ಎಂದ. ಅವ್ವ ಕಲ್ಲು ಎಳೆದಳು. ಎಡಗಾಲನ್ನು ಬ್ರೇಕಿನಿಂದ ಅವನು ಎತ್ತಿದ್ದೇ ತಡ, ಗಾಡಿ ಮೆಲ್ಲಗೆ ರಸ್ತೆಯ ಕಡೆಗೆ ಸರಿಯಿತು. ಅಪ್ಪ ಮತ್ತೆ ಕಾಲು ಒತ್ತಿ ನಿಲ್ಲಿಸಿದ, ಅವ್ವ ಕಲ್ಲು ಕೊಟ್ಟಳು. ಒಳಗೆ ಚಹಾ ಇನ್ನೂ ಬೆಚ್ಚಗೂ ಆಗಿರಲಿಲ್ಲ. "ಹೊಸ ಕೇಬಲ್ ಜಗ್ಗಿರಬೇಕು," ಎಂದ ಅಪ್ಪ, ಯಾರೂ ಕೇಳದಿದ್ದರೂ.

ನಡೆದದ್ದು ಏನೆಂದು ಇಲ್ಲೇ ಹೇಳಿಬಿಡುತ್ತೇನೆ. ಗುಟ್ಟು ಬಚ್ಚಿಟ್ಟು ಓದುವವರನ್ನು ಕಾಯಿಸುವುದು ನನ್ನ ಜಾಯಮಾನವಲ್ಲ. ಅಂಗಳ ಸಾರಿಸಲು ಕಾರಿನ ಕೆಳಗೆ ಹೋದ ಅವ್ವ, ಸಗಣಿ ಬುಟ್ಟಿಯಲ್ಲಿ ಹದಿಮೂರರ ಪಾನಾ ಮುಚ್ಚಿಟ್ಟುಕೊಂಡು ಹೋಗಿದ್ದಳು. ಚೆಕ್‌ನಟ್ಟು ಬಿಡಿಸಿ, ಒಳಗಿನ ನಟ್ಟು ಸಡಿಲಿಸಿ, ಚೆಕ್‌ನಟ್ಟನ್ನು ಮತ್ತೆ ಮೊದಲಿನ ಹಾಗೇ ಬಿಗಿದು, ಆಮೇಲೆ ನೆಲ ಸಾರಿಸಿಕೊಂಡು ಹೊರಗೆ ಬಂದಿದ್ದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಲೆಕ್ಕ ಅವಳದು. ಗಂಡ ಜೀವಂತ ಉಳಿಯಬೇಕು, ದಾರಿಯಲ್ಲಿ ಹೋಗುವ ಕೂಸುಗಳೂ ಉಳಿಯಬೇಕು, ಮನೆಯಲ್ಲಿ ಜಗಳವೂ ಇರಬಾರದು. ನಾಲ್ಕು ದಿನ ಜಾರಿದರೆ ಬೇಸತ್ತು ಬಿಟ್ಟಾನು ಎಂದುಕೊಂಡಿದ್ದಳು. ಈ ವಿಷಯ ನನಗೂ ಆಯಿಗೂ ಗೊತ್ತಿರಲಿಲ್ಲ.

ಅಪ್ಪ ಬೇಸರಪಡುವವನಲ್ಲ. ಆ ಬೇಸಿಗೆಯಲ್ಲಿ ಮೂರು ವಾರ ದಿನಾ ಸಂಜೆ ಬಿಸಿಲು ಇಳಿದ ಮೇಲೆ ಕಾರಿನ ಕೆಳಗೆ ಜಾರಿ ನಟ್ಟು ಬಿಗಿಯುತ್ತಿದ್ದ, ಲಿವರ್ ನಾಲ್ಕಕ್ಕೆ ಹಿಡಿಯುತ್ತಿತ್ತು, ನಗುತ್ತ ಊಟಕ್ಕೆ ಕೂಡುತ್ತಿದ್ದ. ಮುಂಜಾನೆ ಗಾಡಿ ಜಾರುತ್ತಿತ್ತು. ನಟ್ಟಿನ ಹಲ್ಲು ಸವೆದಿವೆ ಎಂದು ನಟ್ಟು ಬದಲಿಸಿದ. ಜಾರಿತು. ಸರಳೇ ಸರಿಯಿಲ್ಲ ಎಂದು ಅದನ್ನೂ ಬದಲಿಸಿದ. ಜಾರಿತು. ಮೊದಮೊದಲು ಕೇಬಲ್ಲಿಗೆ, ಅಂಗಡಿಯವನಿಗೆ, ಕಲಬುರಗಿಗೆ ಬೈಯುತ್ತಿದ್ದವನು ಬರುಬರುತ್ತ ಸುಮ್ಮನಾದ. ಗಾಡಿ ಜಾರಿ ನಿಂತ ಮೇಲೆ ಸೀಟಿನಲ್ಲೇ ಕೂತು ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳತೊಡಗಿದ. ಬಿಗಿಯಾಯಿತು ಎಂದು ತನಗೆ ಅನ್ನಿಸುವುದು ಬಿಗಿಯಾಗಿರುವುದೇ ಇಲ್ಲವೇನೋ ಎಂಬ ಸಂಶಯ ಅವನಿಗೆ ಹುಟ್ಟಿತ್ತು.

"ಶಾಂತಾ, ನೀ ಮುಟ್ಟಿ ನೋಡು ಬೇ," ಎಂದು ಒಂದು ಸಂಜೆ ಅವ್ವನನ್ನೇ ಕೆಳಗೆ ಕರೆದ. "ನಟ್ಟು ಗಟ್ಟಿ ಅದಾ?"

"ಅದರಿ."

"ಖರೇ ಅದಾ? ನನಗ ತಿಳೀವಲ್ಲದು."

ಅವ್ವ ಅಲ್ಲಿಂದ ಎದ್ದು ಬಚ್ಚಲಿಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಇನ್ನು ಸಾಕು, ನಾಳೆ ಮುಟ್ಟುವುದಿಲ್ಲ ಎಂದು ದಿನಾ ಅಂದುಕೊಳ್ಳುತ್ತಿದ್ದಳಂತೆ. ಆದರೆ ಬೆಳಗಾದರೆ ಹುಣ್ಣಿಮೆಯ ಜಂಗುಳಿ, ರಕ್ತ, ಯಾರದೋ ಮಗು ಕಣ್ಣ ಮುಂದೆ ಬರುತ್ತಿತ್ತಂತೆ.

ಕಡೆಗೆ ಖಾಜಾ ಕಾಕಾನ ತಾಳ್ಮೆ ತಪ್ಪಿತು. ಒಂದು ಸಂಜೆ ಪಾನಾ ಕಸಿದುಕೊಂಡು, "ಅರೆ ಭೀಮಣ್ಣ, ಒಂದು ಸಲ ನನಗ ಬಿಡು. ಯಾರ ಮಾಡಿದ್ರೇನು, ಗಾಡಿ ನಿಂತ್ರ ಸಾಕಲ್ಲ?" ಎಂದು ತಾನೇ ಕೆಳಗೆ ಹೋಗಿ ನಟ್ಟು ಬಿಗಿದು ಬಂದ. ಅಪ್ಪ ಬೇಡವೆನ್ನಲಿಲ್ಲ. ಬೇಡವೆನ್ನುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ. ಅದೇ ದಿನ ಅವ್ವ ಹೊರಗೆ ಕೂತಿದ್ದಳು. ತಿಂಗಳ ಆ ದಿನಗಳಲ್ಲಿ ನಮ್ಮ ಮನೆಯ ಹೆಂಗಸರು ಹಿತ್ತಿಲ ತಗಡಿನ ಚಪ್ಪರದಲ್ಲಿ ಕೂಡಬೇಕು, ಒಲೆ ಮುಟ್ಟುವಂತಿಲ್ಲ, ಸಗಣಿ ಮುಟ್ಟುವಂತಿಲ್ಲ, ಮುಂದಿನ ಅಂಗಳಕ್ಕಂತೂ ಕಾಲಿಡುವಂತಿಲ್ಲ. ದೇವರ ಮಂದಿ ಕೂಡುವ ಗಾಡಿಯಾದ್ದರಿಂದ ಅದರ ನೆರಳಿಗೂ ಹೋಗಬಾರದೆಂದು ಆಯಿಯ ಕಟ್ಟಪ್ಪಣೆ. ಆ ಪದ್ಧತಿಗೆ ನನ್ನ ಮನೆಯೊಳಗೆ ನಾನು ಕಾಲಿಡಲು ಬಿಟ್ಟಿಲ್ಲ, ಆ ವಿಷಯದಲ್ಲಿ ಯಾರ ಮಾತನ್ನೂ ಕೇಳುವುದಿಲ್ಲ. ಮರುದಿನ ಅಂಗಳ ಸಾರಿಸಿದವಳು ಆಯಿ. ಕಾರಿನ ಕೆಳಗೆ ನುಗ್ಗುವ ವಯಸ್ಸು ಅವಳದಲ್ಲ, ಸುತ್ತ ಬಳಿದು ಕೈ ತೊಳೆದುಕೊಂಡಳು.

ಚಹಾ ಇಟ್ಟವಳೂ ಆಯಿ. ಕಲ್ಲು ತೆಗೆದವನು ಖಾಜಾ ಕಾಕಾ. ಅಪ್ಪ ಲಿವರ್ ಎಳೆದ, ನಾಲ್ಕಕ್ಕೆ ಗಟ್ಟಿ ಹಿಡಿಯಿತು. ಕಾಲು ಎತ್ತಿದ. ಗಾಡಿ ನಿಂತಿತು. ನಾನು ಹೊಸ್ತಿಲಲ್ಲಿ ನಿಂತು ಒಮ್ಮೆ ಒಲೆ ನೋಡುತ್ತಿದ್ದೆ, ಒಮ್ಮೆ ಗಾಲಿ ನೋಡುತ್ತಿದ್ದೆ. ಚಹಾ ಕುದಿಯಿತು, ಉಕ್ಕಿತು, ಒಲೆಯೊಳಗೆ ಚೊಂಯ್ ಎಂದು ಚೆಲ್ಲಿತು. ಗಾಡಿ ಒಂದು ಕೂದಲಷ್ಟೂ ಸರಿಯಲಿಲ್ಲ. "ನಿಂತದ! ಅಪ್ಪಾ, ನಿಂತದ!" ಎಂದು ನಾನು ಚಪ್ಪಾಳೆ ತಟ್ಟಿ ಕುಣಿದೆ. ಖಾಜಾ ಕಾಕಾ ಬಾನೆಟ್ಟಿನ ಮೇಲೆ ಗುದ್ದಿದ. "ಹೋಗು ಲೇ ಭೀಮ್ಯಾ, ಗೆದ್ದಿ" ಎಂದಳು ಆಯಿ. ಅಪ್ಪ ಮಾತ್ರ ಸ್ಟೀರಿಂಗಿನ ಮೇಲೆ ಹಣೆ ಇಟ್ಟುಕೊಂಡು ಕೂತಿದ್ದ.

"ಖಾಜಾನ ಕೈಗಿ ನಿಂತದ," ಎಂದ. "ನನ್ನ ಕೈಗಿ ನಿಂತಿಲ್ಲ."

"ಅದಕ್ಕೇನಾಯ್ತು, ನಿಂತದಲ್ಲ!" ಎಂದಳು ಆಯಿ.

"ಇಲ್ಲವ್ವಾ. ಬರೇ ಕಾಲು ಹೋಗ್ಯದಂತ ತಿಳಕೊಂಡಿದ್ದೆ. ಕೈನೂ ಹೋಗ್ಯಾವ. ಈ ಕೈ ನಂಬಿ ಮಂದೀನ ಹ್ಯಾಂಗ ಕೂಡಿಸ್ಕೊಳ್ಳಿ?"

ಕೆಳಗಿಳಿದವನು ಪಾನಾಗಳ ಚೀಲವನ್ನು ಖಾಜಾ ಕಾಕಾನ ಮುಂದಿಟ್ಟ. ಕಾಕಾ ಬೇಡವೆಂದು ಎಷ್ಟು ಗೋಗರೆದರೂ ತಿರುಗಿ ನೋಡಲಿಲ್ಲ. ಹಿತ್ತಿಲಿನಲ್ಲಿ ಕೂತ ಅವ್ವನಿಗೆ ಸುದ್ದಿ ಮುಟ್ಟಿಸಿದವಳು ನಾನು. ಅವಳು ನನ್ನ ಮಾತನ್ನು ಎರಡು ಸಲ ಹೇಳಿಸಿಕೊಂಡಳು. ಆಮೇಲೆ ತಗಡಿಗೆ ತಲೆ ಚಚ್ಚಿಕೊಂಡು ಅತ್ತಳು. ಖುಷಿಯಾಗುವ ಬದಲು ಇವಳೇಕೆ ಹೀಗೆ ಅಳುತ್ತಾಳೆ ಎಂದು ನನಗೆ ಗಾಬರಿ. ಮುಟ್ಟಬಾರದೆಂದು ಹತ್ತಿರವೂ ಹೋಗದೆ ದೂರ ನಿಂತೇ "ಅವ್ವಾ, ಅವ್ವಾ" ಎನ್ನುತ್ತಿದ್ದೆ.

ಮಳೆಗಾಲ ಹಿಡಿಯುವ ಹೊತ್ತಿಗೆ ಕಾರನ್ನು ಯಡ್ರಾಮಿ ಕಡೆಯವರು ಬಂದು ಕೊಂಡೊಯ್ದರು. ಯಡ್ರಾಮಿ ಆಗ ಜೇವರ್ಗಿ ತಾಲೂಕಿಗೆ ಸೇರಿತ್ತು, ನಮಗೆ ಅದು ಇನ್ನೊಂದು ದೇಶದಷ್ಟು ದೂರ. ಕಾರು ಹೋದದ್ದು ಅಷ್ಟು ದುಃಖವಲ್ಲ. ಅಪ್ಪನ ಕೈಗಳು ಒಂದೊಂದೇ ಕೆಲಸ ಬಿಡುತ್ತ ಬಂದದ್ದನ್ನು ನೋಡಲಾಗುತ್ತಿರಲಿಲ್ಲ. ಮೊದಲು ಗೋಡೆ ಗಡಿಯಾರಕ್ಕೆ ಕೀಲಿ ಕೊಡುವುದನ್ನು ಬಿಟ್ಟ. ಆಮೇಲೆ ಗಡ್ಡ ಹೆರೆದುಕೊಳ್ಳುವುದು. ಅವನೇ ನನಗೆ ಶೇಂಗಾ ಸುಲಿದು ಬೆಲ್ಲದ ಜೊತೆ ಅಂಗೈಗೆ ಹಾಕುತ್ತಿದ್ದ, ಅದೂ ನಿಂತಿತು. ನೀರಿನ ತಂಬಿಗೆಯನ್ನೂ ಎರಡು ಕೈಯಲ್ಲಿ ಹಿಡಿದು, ಬಿದ್ದೀತೆಂದು ಅದರ ಕಡೆಗೇ ನೋಡುತ್ತ ಕುಡಿಯುವನು. ಒಮ್ಮೆಯೂ ಬಿದ್ದಿರಲಿಲ್ಲ ಎಂಬುದು ಬೇರೆ ಮಾತು. ಬೆರಳಿಗೆ ಹಿಡಿದ ಜೋಮು ಇದ್ದಷ್ಟೇ ಇತ್ತು, ಹೆಚ್ಚಾಗಿರಲಿಲ್ಲ. ಕೈಯ ಮೇಲಿನ ನಂಬಿಕೆ ಮಾತ್ರ ಪೂರ್ತಿ ಹೋಗಿತ್ತು.

ದೀಪಾವಳಿಗೆ ಹಿರೋಳ್ಳಿಯಿಂದ ಅವ್ವನ ತಮ್ಮ, ಅಂದರೆ ನನ್ನ ಮಾಮಾ, ಹೆಂಡತಿ ಕೂಸನ್ನು ಕಟ್ಟಿಕೊಂಡು ಬಂದ. ಮೂರು ತಿಂಗಳ ಹಸುಗೂಸು. ಕೂಸುಗಳೆಂದರೆ ಅಪ್ಪನಿಗೆ ಪ್ರಾಣ, ಅದು ಎಲ್ಲರಿಗೂ ಗೊತ್ತು. ಮಾಮಾ ನಗುತ್ತ ಕೂಸನ್ನು ಅವನ ತೊಡೆಯ ಮೇಲೆ ಮಲಗಿಸಲು ಹೋದ. ಅಪ್ಪ ಗೋಡೆಗೆ ಅಂಟಿಕೊಂಡು, ಎರಡೂ ಕೈ ಕಂಕುಳಲ್ಲಿ ಅಡಗಿಸಿಕೊಂಡುಬಿಟ್ಟ.

"ಬ್ಯಾಡಪ್ಪಾ. ನನ್ನ ಕೈ ನಂಬಬ್ಯಾಡ. ಕೂಸು ಜಾರಿ ಬಿದ್ದೀತು."

ಅವ್ವ ಒಳಗಿನಿಂದ ಹೋಳಿಗೆಯ ತಾಟು ತರುತ್ತಿದ್ದಳು. ಅದನ್ನು ಪಡಸಾಲೆಯ ನಡುವೆ ಇಟ್ಟು, ಅಪ್ಪನ ಮುಂದೆ ಕುಸಿದು ಕೂತು, ಅವನಿಗಿದ್ದ ಒಂದೇ ಪಾದವನ್ನು ಹಿಡಿದುಕೊಂಡಳು. ಎಲ್ಲರೂ ಇದ್ದರು: ಆಯಿ, ಮಾಮಾ, ಅತ್ತೆ, ನಾನು. ಅವಳು ಯಾರನ್ನೂ ಲೆಕ್ಕಿಸಲಿಲ್ಲ.

"ನಿಮ್ಮ ಕೈಗೇನೂ ಆಗಿಲ್ರಿ. ನಾ ಮಾಡೀನಿ. ನೀವು ಸಂಜಿಗಿ ಬಿಗಿ ಮಾಡಿದ್ದನ್ನ ನಾ ಮುಂಜಾನೆ ಸಾರಿಸಾಕ ಹೋಗಿ ಸಡಲ ಮಾಡ್ತಿದ್ದೆ. ದಿನಾ. ನೀವು ಹೋಗಬಾರದಂತ ಮಾಡೀನ್ರಿ. ನನಗ ಹೊಡೀರಿ, ಬೈರಿ, ಏನರೆ ಮಾಡ್ರಿ. ಕೂಸಿನ್ನ ಎತ್ತಿಕೋರಿ."

ಅಪ್ಪ ಅವಳನ್ನು ನೋಡುತ್ತಲೇ ಇದ್ದ. ಅವನು ಸಿಟ್ಟಾಗಲಿಲ್ಲ. ಅವನ ಕಣ್ಣು ತುಂಬಿಬಂದವು, ಮುಖದಲ್ಲಿ ಎಂದೂ ಕಾಣದ ಮೃದುತನ ಬಂತು. ಅವಳ ತಲೆಯ ಮೇಲೆ ಕೈಯಿಟ್ಟ.

"ಹುಚ್ಚಿ. ನನ್ನ ಸಮಾಧಾನಕ್ಕ ಎಂಥಾ ಸುಳ್ಳು ಹುಡುಕಿದಿ ಬೇ."

"ಸುಳ್ಳಲ್ರಿ! ಖರೇ ಹೇಳಾಕತ್ತೇನಿ!"

"ಹಂಗಾದ್ರ ಖಾಜಾ ಬಿಗದಾಗ ಹ್ಯಾಂಗ ನಿಂತಿತು?"

"ಅವತ್ತು ನಾ ಹೊರಗ ಕುಂತಿದ್ದೆ. ಅಂಗಳಕ್ಕ ಬಂದೇ ಇಲ್ಲ!"

"ನೋಡು, ಅದಕ್ಕೂ ಒಂದು ಜವಾಬು ತಯಾರ್ ಇಟ್ಟೀದಿ," ಎಂದು ಅಪ್ಪ ಮಾಮಾನ ಕಡೆ ನೋಡಿ ನಕ್ಕ. ಅವ್ವ ದಿಕ್ಕುಗೆಟ್ಟು ಎಲ್ಲರ ಮುಖ ನೋಡಿದಳು. ಹದಿಮೂರರ ಪಾನಾ ಎಂದಳು. ಅಪ್ಪ ಒಪ್ಪದೆ ತಲೆಯಾಡಿಸಿದ. ಆ ಮಾತನ್ನು ಅವಳು ವರ್ಷಗಟ್ಟಲೆ ಅವನ ಬಾಯಿಂದಲೇ ಕೇಳಿದ್ದಳಲ್ಲ. ಮೊದಲು ಚೆಕ್‌ನಟ್ಟು, ಆಮೇಲೆ ಒಳಗಿನದು ಎಂದಳು. ಅದೂ ಕೇಳಿದ್ದೇ. ಕೊನೆಗೆ ಕೈ ಮೇಲೆತ್ತಿ, ಗಾಳಿಯಲ್ಲಿ ಪಾನಾ ಹಿಡಿದಂತೆ ಮಾಡಿ, "ಹಿಂಗ ತಿರುವ್ತಿದ್ದೆ, ನೋಡ್ರಿ, ಹಿಂಗ" ಎಂದು ಬಲಕ್ಕೆ ತಿರುಗಿಸಿದಳು. ಅಪ್ಪ ಅವಳ ಮಣಿಕಟ್ಟನ್ನು ಮೆಲ್ಲಗೆ ಹಿಡಿದು ನಿಲ್ಲಿಸಿದ.

"ಹಂಗ ತಿರುವಿದ್ರ ಬಿಗಿ ಆಗ್ತದ ಬೇ. ಸಡಲ ಮಾಡಾಕ ಎಡಕ್ಕ ತಿರುವಬೇಕು. ಸಾಕು ಏಳು."

ಅವ್ವ ತನ್ನ ಕೈಯನ್ನೇ ನೋಡಿಕೊಂಡಳು. ಕೂಸನ್ನು ಮಾಮಾ ಎತ್ತಿಕೊಂಡು ಒಳಗೆ ಹೋದ. ಅಂದಿನಿಂದ ಅಪ್ಪ ಇದ್ದಷ್ಟು ವರ್ಷ, ಮನೆಗೆ ಬಂದವರಿಗೆಲ್ಲ ಈ ಕತೆ ಹೇಳುತ್ತಿದ್ದ. ತನ್ನ ಮನಸ್ಸು ನೋಯಬಾರದೆಂದು ಹೆಂಡತಿ ಮೈಮೇಲೆ ಇಲ್ಲದ ತಪ್ಪು ಹಾಕಿಕೊಂಡಳು, ಇಂಥವಳು ಎಲ್ಲಿ ಸಿಗುತ್ತಾಳೆ ಎಂದು ಹೇಳುವಾಗ ಪ್ರತಿಸಲವೂ ಅವನು ಕಣ್ಣೊರೆಸಿಕೊಳ್ಳುತ್ತಿದ್ದ. ಬಂದವರು ಅವ್ವನಿಗೆ ಕೈಮುಗಿಯುವರು. ಅವಳು ಒಳಗೆ ಎದ್ದು ಹೋಗುವಳು, ಅದನ್ನೂ ಅವರು ಸಂಕೋಚವೆಂದೇ ಹೊಗಳುವರು. ಅವಳ ಮಾತನ್ನು ನಂಬಿದವರು ಮನೆಯಲ್ಲಿ ಆಯಿ ಮತ್ತು ನಾನು ಇಬ್ಬರೇ. ನಂಬಿದ್ದೇವೆಂದು ನಾವು ಎಷ್ಟು ಹೇಳಿದರೂ ಅಪ್ಪ, "ನೀವೂ ಆಕಿ ಕಡೇನೇ" ಎಂದು ನಗುತ್ತಿದ್ದ. ಒಬ್ಬರ ಒಳ್ಳೆಯದನ್ನು ಅವರಿಗೆ ತಿಳಿಯದಂತೆ ಮಾಡಲು ಹೊರಟವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮುಖದ ಮೇಲೆ ಹೇಳಿ ಜಗಳ ಆಡಿಬಿಡಿ ಎನ್ನುತ್ತೇನೆ. ಬಾಯಿಬಡುಕಿ ಎಂಬ ಹೆಸರು ನನಗೆ ಬಂದದ್ದು ಹೀಗೆ.

ಆದರೆ ಒಂದು ಮಾತು ನನ್ನನ್ನೂ ಕೊರೆಯುತ್ತಿತ್ತು. ಅವ್ವ ಸುಳ್ಳು ಹೇಳಿರಲಿಲ್ಲವಾದರೆ ಕೈಯನ್ನು ಬಲಕ್ಕೇಕೆ ತಿರುಗಿಸಿದಳು? ಅಪ್ಪ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, ಈಚೆಗೆ, ಆಳಂದದ ನನ್ನ ಮನೆಯಂಗಳದಲ್ಲಿ ನನ್ನದೇ ಹಳೆಯ ಕಾರಿಗೆ ಹ್ಯಾಂಡ್‌ಬ್ರೇಕ್ ಕೇಬಲ್ ಹಾಕುತ್ತಿದ್ದೆ. ಎದುರಿಗೆ ಗೋಡೆ ಇದ್ದದ್ದರಿಂದ ಕಾರಿನ ಹಿಂದಿನಿಂದ ಕೆಳಗೆ ಜಾರಿದೆ. ನಟ್ಟು ಸಡಿಲಿಸಲು ಎಡಕ್ಕೆ ತಿರುಗಿಸಿದರೆ ಅದು ಇನ್ನಷ್ಟು ಬಿಗಿಯಿತು. ಬಲಕ್ಕೆ ತಿರುಗಿಸಿದೆ, ಸಡಿಲಾಯಿತು. ಹಿಂದಿನಿಂದ ಹೋದವರಿಗೆ ನಟ್ಟಿನ ಬೆನ್ನು ಎದುರಾಗುತ್ತದೆ, ದಿಕ್ಕು ಅದಲುಬದಲಾಗುತ್ತದೆ. ಅಪ್ಪ ಯಾವಾಗಲೂ ಮನೆಯ ಕಡೆಯಿಂದ ಹೋಗುತ್ತಿದ್ದ. ಅವ್ವ ರಸ್ತೆಯ ಕಡೆಯಿಂದ ನುಗ್ಗುತ್ತಿದ್ದಳು. ಅವಳ ಕೈ ಆ ದಿನ ಪಡಸಾಲೆಯಲ್ಲಿ ತೋರಿಸಿದ್ದು ಅಪ್ಪಟ ಸತ್ಯ, ಅವಳಿಗೆ ಅದನ್ನು ಬಿಡಿಸಿ ಹೇಳಲು ಬಂದಿರಲಿಲ್ಲ, ಅಷ್ಟೇ. ಕಾರಿನ ಕೆಳಗೆ ಮಲಗಿಯೇ ನಾನು ಗೊಳೋ ಎಂದು ಅತ್ತೆ.

ಗ್ರೀಸಿನ ಕೈಯಲ್ಲೇ ಒಳಗೆ ಓಡಿದೆ. ಅವ್ವ ಈಗ ನನ್ನ ಜೊತೆಗೇ ಇದ್ದಾಳೆ, ಕಣ್ಣು ಮಂಜು, ಕಿವಿ ಚುರುಕು. ಮಂಚದ ಮೇಲೆ ಕೂತು ಕೈಯಂದಾಜಿನಲ್ಲೇ ತೊಗರಿ ಹಸನು ಮಾಡುತ್ತಿದ್ದಳು. ನಾನು ಏದುಸಿರು ಬಿಡುತ್ತ ಎಲ್ಲ ಹೇಳಿದೆ. ನಟ್ಟಿನ ಬೆನ್ನು, ಹಿಂದಿನ ದಾರಿ, ಬಲಕ್ಕೆ ತಿರುಗಿಸಿದರೆ ಸಡಿಲಾಗುವುದು, ಎಲ್ಲ.

"ಅವ್ವಾ, ನೀ ತೋರಿಸಿದ್ದು ಬರೋಬರ್ ಇತ್ತು!"

ಅವಳ ಕೈ ಮೊರದಲ್ಲಿ ನಿಂತಿತು.

"ಅವರಿಗಿ ಹೇಳವ್ವಾ ಅದನ್ನ," ಎಂದಳು. "ನನಗ್ಯಾಕ ಹೇಳ್ತಿ, ನನಗ ಗೊತ್ತೇ ಅದಲ್ಲ."